ಹಳೆಯ ಕಾರಿನ ಚಕ್ರದ ಬೇರಿಂಗ್ ಮತ್ತು ಸೀಲ್: ದೋಷ ಪತ್ತೆ ಹಾಗೂ ಸರಿಯಾದ ಜೋಡಣೆ

ಚಕ್ರದ ಬೇರಿಂಗ್ ಸವೆದಿದೆ ಎಂದು ತಿಳಿದೊಡನೆ ಹೊಸದನ್ನು ತರಿಸಿ ಹಾಕುವುದು ರೂಢಿ. ಹಾಕಿದ ಕೆಲವೇ ತಿಂಗಳಲ್ಲಿ ಅದೇ ಗುರುಗುಟ್ಟುವ ಸದ್ದು ಮರಳಿದರೆ ಬಿಡಿಭಾಗದ ಗುಣಮಟ್ಟವೇ ಕೆಟ್ಟದ್ದೆಂದು ತೀರ್ಮಾನಿಸಿ ಇನ್ನೊಂದು ಜೋಡಿಯನ್ನು ತರಿಸಲಾಗುತ್ತದೆ. ದಶಕಗಳ ಕಾಲ ಓಡಿದ, ಹಲವರ ಕೈಯಲ್ಲಿ ಹಲವು ಬಾರಿ ಬಿಚ್ಚಿ ಜೋಡಿಸಲ್ಪಟ್ಟ ಕಾರುಗಳಲ್ಲಿ ಈ ತೀರ್ಮಾನ ಹೆಚ್ಚಾಗಿ ತಪ್ಪಾಗಿರುತ್ತದೆ. ಬೇರಿಂಗ್ ಕೂರುವ ಹಬ್‌ನ (ಚಕ್ರದ ನಡುಗುಂಬದ) ರಂಧ್ರ, ಅದನ್ನು ಹೊರುವ ಸ್ಟಬ್ ಆಕ್ಸಲ್ (ಗಿಡ್ಡ ಅಚ್ಚು), ನೀರು ಮತ್ತು ದೂಳನ್ನು ತಡೆಯುವ ಸೀಲ್, ಒಳಗಿನ ಗ್ರೀಸ್, ಹೊರಗಿನ ನಟ್‌ನ ಬಿಗಿತ, ಇವುಗಳಲ್ಲಿ ಯಾವುದೊಂದು ಕೆಟ್ಟಿದ್ದರೂ ಹೊಸ ಬೇರಿಂಗ್ ಹಳೆಯದರ ದಾರಿಯನ್ನೇ ಹಿಡಿಯುತ್ತದೆ. ಆದ್ದರಿಂದ ಯಾವ ಭಾಗ ಹಾಳಾಗಿದೆ ಎಂಬುದರ ಜೊತೆಗೆ ಅದು ಏಕೆ ಹಾಳಾಯಿತು ಎಂಬುದನ್ನೂ ಕಂಡುಕೊಂಡ ಮೇಲೆಯೇ ಹೊಸ ಭಾಗಗಳ ಪಟ್ಟಿ ಬರೆಯಬೇಕು. ಮುಂದೆ ಹೇಳಿರುವ ಪರೀಕ್ಷೆಗಳ ಕ್ರಮವನ್ನು ಈ ಉದ್ದೇಶದಿಂದಲೇ ಇರಿಸಲಾಗಿದೆ.

ಕೆಲಸಕ್ಕೆ ಮುನ್ನ ಎರಡು ಎಚ್ಚರಿಕೆಗಳು ಅಗತ್ಯ. ಜಾಕ್ ಒಂದನ್ನೇ ನಂಬಿ ಕಾರಿನ ಕೆಳಗೆ ಅಥವಾ ಚಕ್ರದ ಬಳಿ ಕೈಹಾಕಬಾರದು. ಗಟ್ಟಿ ನೆಲದ ಮೇಲೆ ಆಕ್ಸಲ್ ಸ್ಟ್ಯಾಂಡ್ ಇಟ್ಟು, ಉಳಿದ ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟ ನಂತರವೇ ಕೆಲಸ ಆರಂಭಿಸಬೇಕು. ಎರಡನೆಯದಾಗಿ, ಹಳೆಯ ಬ್ರೇಕ್ ಲೈನಿಂಗ್‌ಗಳಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಇರುವುದರಿಂದ ಡ್ರಮ್ಮಿನೊಳಗಿನ ದೂಳನ್ನು ಗಾಳಿಯಿಂದ ಊದದೆ, ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು.

ಸದ್ದಿನ ಮೂಲವನ್ನು ಗುರುತಿಸುವುದು

ಬೇರಿಂಗ್‌ನ ಸದ್ದು ಚಕ್ರದ ವೇಗವನ್ನು ಮಾತ್ರ ಅನುಸರಿಸುತ್ತದೆ. ಒಂದೇ ವೇಗದಲ್ಲಿ ಸಾಗುವಾಗ ಗೇರ್ ಬದಲಿಸಿದರೂ, ನ್ಯೂಟ್ರಲ್‌ಗೆ ತಂದು ಎಂಜಿನ್ನಿನ ವೇಗ ಇಳಿಸಿದರೂ ಅದು ಹಾಗೆಯೇ ಉಳಿದರೆ ಎಂಜಿನ್ ಮತ್ತು ಗೇರ್‌ಬಾಕ್ಸ್‌ನ ಒಳಭಾಗಗಳನ್ನು ಸಂಶಯದ ಪಟ್ಟಿಯಿಂದ ತೆಗೆಯಬಹುದು. ಆಕ್ಸಿಲರೇಟರ್ ಒತ್ತಿದಾಗ ಒಂದು ಬಗೆಯ, ಬಿಟ್ಟಾಗ ಇನ್ನೊಂದು ಬಗೆಯ ಸದ್ದು ಬಂದರೆ ಡಿಫರೆನ್ಷಿಯಲ್‌ನ ಹಲ್ಲುಗಳ ಕಡೆಗೆ ಗಮನ ಹರಿಸಬೇಕು, ಏಕೆಂದರೆ ಚಕ್ರದ ಬೇರಿಂಗ್‌ಗೆ ಎಂಜಿನ್ನಿನ ಎಳೆತ ಅಷ್ಟಾಗಿ ತಾಗುವುದಿಲ್ಲ. ಟೈರಿನ ಸದ್ದು ರಸ್ತೆಯ ಮೇಲ್ಮೈ ಬದಲಾದಂತೆ ಬದಲಾಗುತ್ತದೆ; ನುಣುಪಾದ ಡಾಂಬರಿನ ಮೇಲೆ ಅಡಗಿ ಒರಟು ರಸ್ತೆಯಲ್ಲಿ ಮೇಲೇಳುವ ಸದ್ದು ಬೇರಿಂಗ್‌ನದಾಗಿರುವುದು ಅಪರೂಪ.

ಉಪಯುಕ್ತವಾದ ಇನ್ನೊಂದು ಪರೀಕ್ಷೆ ತಿರುವಿನದು. ಕಾರು ಎಡಕ್ಕೆ ತಿರುಗಿದಾಗ ಭಾರ ಬಲಬದಿಯ ಚಕ್ರಗಳಿಗೆ ವರ್ಗವಾಗುತ್ತದೆ. ಆಗ ಸದ್ದು ಹೆಚ್ಚಿ, ಬಲಕ್ಕೆ ತಿರುಗಿದಾಗ ತಗ್ಗಿದರೆ ದೋಷ ಬಲಬದಿಯಲ್ಲಿರುವ ಸಂಭವ ಹೆಚ್ಚು. ಇದನ್ನು ಸಂಭವ ಎಂದಷ್ಟೇ ಎಣಿಸಬೇಕು. ಒಂದು ಹಬ್‌ನಲ್ಲಿ ಒಳಗೊಂದು ಹೊರಗೊಂದು ಎರಡು ಬೇರಿಂಗ್ ಇರುವುದರಿಂದ, ಅವುಗಳಲ್ಲಿ ಯಾವುದು ಸವೆದಿದೆ ಎಂಬುದರ ಮೇಲೆ ಫಲಿತಾಂಶ ತಿರುಗುಮುರುಗಾಗುವುದೂ ಉಂಟು. ಆದ್ದರಿಂದ ಚಕ್ರವನ್ನು ನೆಲದಿಂದ ಎತ್ತಿ, ಕೈಯಿಂದ ನಿಧಾನವಾಗಿ ತಿರುಗಿಸುತ್ತ ಇನ್ನೊಂದು ಕೈಯ ಬೆರಳುಗಳನ್ನು ಸಸ್ಪೆನ್ಷನ್ನಿನ ಕಾಯಿಲ್ ಸ್ಪ್ರಿಂಗ್‌ನ ಮೇಲೆ ಇಟ್ಟು ನೋಡಬೇಕು. ಸವೆದ ಬೇರಿಂಗ್‌ನ ಒರಟುತನ ಕಿವಿಗೆ ಕೇಳಿಸುವ ಮೊದಲೇ ಸ್ಪ್ರಿಂಗ್‌ನ ಮೂಲಕ ಬೆರಳಿಗೆ ತಿಳಿಯುತ್ತದೆ. ಬ್ರೇಕ್ ತುಸು ಉಜ್ಜುತ್ತಿದ್ದರೆ ಈ ಪರೀಕ್ಷೆ ದಾರಿ ತಪ್ಪಿಸುವುದರಿಂದ ಡ್ರಮ್ ಬ್ರೇಕನ್ನು ಮೊದಲು ಸಡಿಲಿಸಿಕೊಳ್ಳಬೇಕು. ಡಿಸ್ಕ್ ಇರುವಲ್ಲಿ ಪ್ಯಾಡ್‌ಗಳನ್ನು ಹಿಂದಕ್ಕೆ ಒತ್ತಬೇಕು.

ಅಲುಗಾಟ: ಬೇರಿಂಗ್‌ನದೋ, ಕಿಂಗ್ ಪಿನ್ನಿನದೋ?

ಎತ್ತಿದ ಚಕ್ರದ ಮೇಲ್ಭಾಗ ಮತ್ತು ಕೆಳಭಾಗವನ್ನು ಎರಡು ಕೈಗಳಿಂದ ಹಿಡಿದು ಒಳಕ್ಕೂ ಹೊರಕ್ಕೂ ಅಲುಗಿಸಿದಾಗ ಕಾಣುವ ಸಡಿಲವನ್ನು ಬೇರಿಂಗ್‌ನ ಲೆಕ್ಕಕ್ಕೆ ಹಾಕುವುದು ಬಹಳ ಸಾಮಾನ್ಯವಾದ ತಪ್ಪು. ಚಕ್ರ ಎಡಬಲಕ್ಕೆ ತಿರುಗಲು ಕೀಲಾಗಿರುವ ಕಿಂಗ್ ಪಿನ್ ಅಥವಾ ಬಾಲ್ ಜಾಯಿಂಟ್ ಸವೆದಿದ್ದರೆ ಅದೂ ಇದೇ ಅಲುಗಾಟವನ್ನು ತೋರಿಸುತ್ತದೆ. ಇವೆರಡನ್ನು ಬೇರ್ಪಡಿಸುವ ಉಪಾಯ ಸರಳವಾಗಿದೆ: ಒಬ್ಬರು ಬ್ರೇಕ್ ಪೆಡಲನ್ನು ಗಟ್ಟಿಯಾಗಿ ಒತ್ತಿ ಹಿಡಿದಿರುವಾಗ ಇನ್ನೊಬ್ಬರು ಚಕ್ರವನ್ನು ಅಲುಗಿಸಬೇಕು. ಬ್ರೇಕ್ ಹಿಡಿದಾಗ ಹಬ್ ಮತ್ತು ಸ್ಟಬ್ ಆಕ್ಸಲ್ ಒಂದಾಗುತ್ತವೆ. ಅಲುಗಾಟ ಮಾಯವಾದರೆ ಅದು ಬೇರಿಂಗ್‌ನದು, ಉಳಿದುಕೊಂಡರೆ ಅದು ಕಿಂಗ್ ಪಿನ್, ಬಾಲ್ ಜಾಯಿಂಟ್ ಅಥವಾ ಸಸ್ಪೆನ್ಷನ್ ಬುಶ್‌ನದು. ಚಕ್ರದ ಎಡ ಮತ್ತು ಬಲ ಅಂಚುಗಳನ್ನು ಹಿಡಿದು ಅಲುಗಿಸಿದಾಗ ಮಾತ್ರ ಸಡಿಲ ಕಂಡರೆ ಟೈ ರಾಡ್‌ನ ಕೀಲುಗಳನ್ನು ನೋಡಬೇಕು.

ಡಿಸ್ಕ್ ಬ್ರೇಕ್ ಇರುವ ಹಳೆಯ ಕಾರುಗಳಲ್ಲಿ ಬೇರಿಂಗ್‌ನ ಸಡಿಲ ಇನ್ನೊಂದು ವೇಷದಲ್ಲಿಯೂ ಬರುತ್ತದೆ. ತಿರುವಿನಲ್ಲಿ ಹಬ್ ಓರೆಯಾದಾಗ ಡಿಸ್ಕ್ ಪ್ಯಾಡ್‌ಗಳನ್ನು ಕ್ಯಾಲಿಪರ್‌ನೊಳಕ್ಕೆ ತಳ್ಳುತ್ತದೆ. ತಿರುವು ಮುಗಿದ ಮೇಲೆ ಮೊದಲ ಬಾರಿ ಒತ್ತಿದಾಗ ಪೆಡಲ್ ಆಳಕ್ಕೆ ಹೋಗಿ, ಎರಡನೆಯ ಬಾರಿಗೆ ಸರಿಯಾಗಿ ನಿಲ್ಲುತ್ತದೆ. ಮಾಸ್ಟರ್ ಸಿಲಿಂಡರನ್ನು ಬದಲಿಸಿ, ಬ್ರೇಕಿನ ಗಾಳಿ ತೆಗೆದು ಸೋತವರು ಕೊನೆಗೆ ಮುಂದಿನ ಹಬ್‌ನ ನಟ್ಟನ್ನು ಸರಿಪಡಿಸಿದಾಗ ದೋಷ ಹೋಗುವುದು ಅಪರೂಪವೇನಲ್ಲ. ಈ ಲಕ್ಷಣ ಕಂಡಾಗ ಬೇರಿಂಗ್‌ನ ಸಡಿಲವನ್ನು ಮೊದಲು ಅಳೆಯಬೇಕೆಂಬುದು ನನ್ನ ದೃಢವಾದ ಸಲಹೆ.

ಒಳಬದಿಯಲ್ಲಿ ಒದ್ದೆ ಕಂಡಾಗ

ಬ್ರೇಕ್‌ನ ಬ್ಯಾಕ್ ಪ್ಲೇಟ್ ಅಥವಾ ಟೈರಿನ ಒಳಮೈ ಒದ್ದೆಯಾಗಿದ್ದರೆ ಸೀಲ್ ತರಿಸುವ ಮುನ್ನ ಆ ದ್ರವ ಯಾವುದೆಂದು ತಿಳಿಯಬೇಕು. ಗ್ಲೈಕಾಲ್ ಆಧಾರಿತ ಬ್ರೇಕ್ ದ್ರವ ತೆಳುವಾಗಿದ್ದು, ನೀರಿನಲ್ಲಿ ಬೆರೆತು ತೊಳೆದುಹೋಗುತ್ತದೆ. ಅದು ತಾಗಿದ ಬಣ್ಣ ಉಬ್ಬಿ ಏಳುತ್ತದೆ. ಹಿಂದಿನ ಆಕ್ಸಲ್‌ನ ಎಣ್ಣೆ ದಪ್ಪ, ಗಂಧಕದ ಕಟುವಾದ ವಾಸನೆಯುಳ್ಳದ್ದು, ನೀರಿನೊಂದಿಗೆ ಬೆರೆಯದು. ಗ್ರೀಸ್‌ನಿಂದ ಬೇರ್ಪಟ್ಟ ಎಣ್ಣೆಯಾದರೆ ಕಪ್ಪಗೆ, ಅಂಟಂಟಾಗಿ, ಹಬ್‌ನ ನಡುವಿನಿಂದ ಹೊರಗೆ ಎರಚಿದ ಗೆರೆಗಳಾಗಿ ಕಾಣುತ್ತದೆ.

ಈ ವ್ಯತ್ಯಾಸಕ್ಕೆ ಮಹತ್ವವಿದೆ. ಗ್ರೀಸ್ ತಡೆಯುವ ಸೀಲ್‌ಗಳು ಸಾಮಾನ್ಯವಾಗಿ ನೈಟ್ರೈಲ್ ರಬ್ಬರಿನವು. ಬ್ರೇಕ್ ದ್ರವ ತಾಗಿದರೆ ಅವು ಉಬ್ಬಿ ಮೆತ್ತಗಾಗುತ್ತವೆ. ವೀಲ್ ಸಿಲಿಂಡರ್ (ಡ್ರಮ್ಮಿನೊಳಗೆ ಬ್ರೇಕನ್ನು ಒತ್ತುವ ಸಿಲಿಂಡರ್) ಸೋರುತ್ತಿರುವಾಗ ಸೀಲನ್ನಷ್ಟೇ ಬದಲಿಸಿದರೆ ಹೊಸ ಸೀಲ್ ಕೂಡ ಹಾಳಾಗುತ್ತದೆ. ಇದೇ ರೀತಿ ಖನಿಜ ಗ್ರೀಸ್ ವೀಲ್ ಸಿಲಿಂಡರ್‌ನ ರಬ್ಬರ್ ಕಪ್‌ಗಳಿಗೆ ವಿಷವಿದ್ದಂತೆ. ಎಣ್ಣೆ ಅಥವಾ ಗ್ರೀಸ್ ಹೀರಿಕೊಂಡ ಬ್ರೇಕ್ ಲೈನಿಂಗನ್ನು ತೊಳೆದು, ಸುಟ್ಟು ಮತ್ತೆ ಬಳಸುವ ಪದ್ಧತಿಯನ್ನು ಬಿಡಬೇಕು. ಬಿಸಿಯಾದಾಗ ಒಳಗಿನ ಎಣ್ಣೆ ಮತ್ತೆ ಮೇಲೆ ಬಂದು ಬ್ರೇಕ್ ಒಂದು ಬದಿಗೆ ಎಳೆಯುತ್ತದೆ. ಆ ಆಕ್ಸಲ್‌ನ ಎರಡೂ ಬದಿಯ ಲೈನಿಂಗನ್ನು ಜೊತೆಯಾಗಿ ಬದಲಿಸುವುದೇ ಸರಿ.

ಹಿಂದಿನ ಚಕ್ರದಲ್ಲಿ ಹೊಸ ಸೀಲ್ ಹಾಕಿದ ಮೇಲೂ ಎಣ್ಣೆ ಬರುತ್ತಿದ್ದರೆ ಮೊದಲು ಆಕ್ಸಲ್ ಕವಚದ ಮೇಲಿರುವ ಬ್ರೀದರ್ (ಗಾಳಿ ಹೊರಬಿಡುವ ಕಿಂಡಿ) ನೋಡಬೇಕು. ಕೆಸರು ಅಥವಾ ಬಣ್ಣ ತುಂಬಿ ಅದು ಮುಚ್ಚಿಹೋಗಿದ್ದರೆ, ಓಟದಲ್ಲಿ ಬಿಸಿಯಾಗಿ ಹಿಗ್ಗಿದ ಗಾಳಿಗೆ ಬೇರೆ ದಾರಿಯಿಲ್ಲದೆ ಅದು ಎಣ್ಣೆಯನ್ನು ಸೀಲ್‌ನ ಅಂಚಿನಿಂದ ಹೊರದಬ್ಬುತ್ತದೆ. ಪೂರ್ತಿ ಬಣ್ಣ ಬಳಿದು ನವೀಕರಿಸಿದ ಕಾರುಗಳಲ್ಲಿ ಇದನ್ನು ಪರೀಕ್ಷಿಸದೆ ಮುಂದುವರಿಯಲೇಬಾರದು. ಎಣ್ಣೆಯ ಮಟ್ಟ ಹೆಚ್ಚಾಗಿದ್ದರೂ ಫಲ ಇದೇ. ಅಳೆಯುವಾಗ ಕಾರು ಸಮತಟ್ಟಾಗಿ ನಿಂತಿರಬೇಕು.

ಬಿಚ್ಚಿದ ಭಾಗಗಳ ಸಾಕ್ಷ್ಯ

ಹಳೆಯ ಬೇರಿಂಗನ್ನು ಬಿಚ್ಚಿದೊಡನೆ ಎಸೆಯಬಾರದು. ಯಾವ ಬದಿಯದು, ಒಳಗಿನದೋ ಹೊರಗಿನದೋ ಎಂದು ಗುರುತು ಹಾಕಿ, ಗ್ರೀಸ್ ತೊಳೆಯುವ ಮುನ್ನ ಗ್ರೀಸ್‌ನ ಸ್ಥಿತಿಯನ್ನೇ ನೋಡಬೇಕು. ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ, ಅಂದರೆ ಸೀಲ್ ಸೋತಿದೆ. ಕಪ್ಪಗೆ ಗಟ್ಟಿಯಾಗಿದ್ದರೆ ಬಿಸಿ ತಾಗಿದೆ. ನೀರಾಗಿ ಹರಿಯುತ್ತಿದ್ದರೆ ಹೊಂದದ ಎರಡು ಬಗೆಯ ಗ್ರೀಸ್ ಬೆರೆತಿರಬಹುದು. ತೊಳೆದ ಬೇರಿಂಗನ್ನು ಕಂಪ್ರೆಸರ್ ಗಾಳಿಯಿಂದ ತಿರುಗಿಸುವುದು ಅಪಾಯಕರ. ಒಣಗಿದ ಬೇರಿಂಗ್ ಅತಿ ವೇಗದಲ್ಲಿ ಸಿಡಿದು ಗಾಯಗೊಳಿಸಬಲ್ಲದು.

ರೇಸ್‌ನ (ರೋಲರ್‌ಗಳು ಉರುಳುವ ಉಕ್ಕಿನ ಉಂಗುರದ) ಹಾದಿಯಲ್ಲಿ ರೋಲರ್‌ಗಳ ನಡುವಿನ ಅಂತರಕ್ಕೆ ಸರಿಯಾಗಿ ಸಮದೂರದಲ್ಲಿ ಗುಳಿಗಳಿದ್ದರೆ ಯಾರೋ ಸುತ್ತಿಗೆಯಿಂದ ಬಡಿದು ಕೂರಿಸಿದ್ದಾರೆ, ಇಲ್ಲವೆ ಚಕ್ರ ದೊಡ್ಡ ಹೊಂಡಕ್ಕೆ ಬಿದ್ದಿದೆ. ಅದೇ ಅಂತರದಲ್ಲಿ ಗುಳಿಯ ಬದಲು ಉಜ್ಜಿದಂಥ ಕಂದು ಗುರುತುಗಳಿದ್ದರೆ ಕಾರು ನಿಂತಲ್ಲೇ ನಡುಗಿದೆ ಎಂದರ್ಥ. ಲಾರಿ ಅಥವಾ ಟ್ರೇಲರ್ ಮೇಲೆ ದೂರ ಸಾಗಿಸಿದ ಕಾರುಗಳಲ್ಲಿ ಇದು ಕಾಣುತ್ತದೆ. ಹಲವು ತಿಂಗಳು ನಿಂತ ಕಾರಿನ ಬೇರಿಂಗ್‌ನಲ್ಲಿ ರೋಲರ್ ರೇಸ್‌ಗೆ ತಾಗಿದ ಗೆರೆಯಲ್ಲೇ ತುಕ್ಕಿನ ಕಪ್ಪು ಪಟ್ಟಿಗಳು ಮೂಡಿರುತ್ತವೆ. ಹಾದಿಯ ಒಂದು ಕಡೆ ಮಾತ್ರ ಚಕ್ಕೆ ಎದ್ದಿದ್ದರೆ ರೇಸ್ ಓರೆಯಾಗಿ ಕೂತಿತ್ತು ಅಥವಾ ಅದರ ಹಿಂದೆ ಕಸ ಸಿಕ್ಕಿಕೊಂಡಿತ್ತು. ರೋಲರ್‌ಗಳ ದಪ್ಪ ತುದಿ ಉಜ್ಜಿ, ಲೋಹ ನೀಲಿ ಅಥವಾ ಕಂದು ಬಣ್ಣಕ್ಕೆ ತಿರುಗಿದ್ದರೆ ನಟ್ ಅತಿಯಾಗಿ ಬಿಗಿಯಾಗಿತ್ತು. ಕಾರಿನ ಮೇಲೆ ವೆಲ್ಡಿಂಗ್ ಮಾಡುವಾಗ ಅರ್ಥ್ ಕ್ಲಾಂಪನ್ನು ದೂರದಲ್ಲಿ ಹಾಕಿ, ವಿದ್ಯುತ್ ಬೇರಿಂಗ್‌ನ ಮೂಲಕ ಹರಿದಿದ್ದರೆ ಸುಟ್ಟ ಸಣ್ಣ ಚುಕ್ಕೆಗಳು ಕಾಣುತ್ತವೆ. ಹಳೆಯ ಭಾಗ ಹೀಗೆ ತನ್ನ ಸಾವಿನ ಕಾರಣವನ್ನು ತನ್ನ ಮೈಮೇಲೆಯೇ ಬರೆದುಕೊಂಡಿರುತ್ತದೆ. ಅದನ್ನು ಓದಲು ಭೂತಗನ್ನಡಿ ಮತ್ತು ಒಳ್ಳೆಯ ಬೆಳಕು ಸಾಕು.

ಇನ್ನು ಬೇರಿಂಗ್ ಕೂರುವ ಜಾಗಗಳು. ಮುಂದಿನ ಚಕ್ರದಲ್ಲಿ ಹಬ್ ತಿರುಗುತ್ತದೆ, ಸ್ಟಬ್ ಆಕ್ಸಲ್ ನಿಂತಿರುತ್ತದೆ. ತಿರುಗುವ ಉಂಗುರ ಬಿಗಿಯಾಗಿ ಕೂರಬೇಕೆಂಬುದು ಮೂಲ ನಿಯಮವಾದ್ದರಿಂದ ಹೊರಗಿನ ರೇಸ್ (ಟೇಪರ್ ಬೇರಿಂಗ್‌ನಲ್ಲಿ ಇದೇ ಕಪ್) ಹಬ್‌ನಲ್ಲಿ ಒತ್ತಿ ಕೂರಿಸುವಷ್ಟು ಬಿಗಿಯಾಗಿರಬೇಕು. ಒಳಗಿನ ಕೋನ್ (ರೋಲರ್‌ಗಳನ್ನು ಹೊತ್ತ ಒಳಉಂಗುರ) ಸ್ಟಬ್ ಆಕ್ಸಲ್ ಮೇಲೆ ಕೈಯಿಂದ ಜಾರುವಷ್ಟು ಮಾತ್ರ ಸಡಿಲವಾಗಿರಬೇಕು. ಹಬ್‌ನ ರಂಧ್ರ ಹೊಳಪಾಗಿ ನುಣುಪಾಗಿದ್ದು ಹೊಸ ರೇಸ್ ಬೆರಳಿನ ಒತ್ತಡಕ್ಕೇ ಒಳಗಿಳಿದರೆ ಹಳೆಯ ರೇಸ್ ಅಲ್ಲಿ ತಿರುಗಿದೆ ಎಂದು ತಿಳಿಯಬೇಕು. ಇಂಥ ರಂಧ್ರದ ಅಂಚಿಗೆ ಪಂಚ್‌ನಿಂದ ಚುಚ್ಚಿ ಬಿಗಿಮಾಡುವ ಹಳೆಯ ಪದ್ಧತಿ ನಿಷ್ಪ್ರಯೋಜಕ, ಏಕೆಂದರೆ ಎದ್ದ ಚುಕ್ಕೆಗಳು ಕೆಲವೇ ದಿನಗಳಲ್ಲಿ ಒತ್ತಿಹೋಗುತ್ತವೆ, ರೇಸ್ ಕೂಡ ಓರೆಯಾಗುತ್ತದೆ. ಸಡಿಲ ಅತ್ಯಲ್ಪವಾಗಿದ್ದರೆ ಬೇರಿಂಗ್ ಹಿಡಿದಿಡುವ ಅಂಟುದ್ರವ ಕೆಲಸಕ್ಕೆ ಬರಬಹುದು; ಅದಕ್ಕಿಂತ ಹೆಚ್ಚಾದರೆ ಹಬ್ ಬದಲಿಸಬೇಕು ಅಥವಾ ಲೇತ್‌ನಲ್ಲಿ ಕೊರೆಸಿ ಬುಶ್ ಹಾಕಿಸಬೇಕು. ಸ್ಟಬ್ ಆಕ್ಸಲ್‌ನ ಬುಡದಲ್ಲಿ ಬಿರುಕಿನ ಗುರುತು ಕಂಡರೆ ಅದನ್ನು ಬಳಸುವ ಪ್ರಶ್ನೆಯೇ ಇಲ್ಲ.

ಹೊಸ ಬೇರಿಂಗ್ ಆರಿಸುವಾಗ

ಹಳೆಯ ಕಾರುಗಳಲ್ಲಿ ಮುಖ್ಯವಾಗಿ ಎರಡು ಬಗೆಯ ಮುಂದಿನ ಬೇರಿಂಗ್‌ಗಳಿವೆ. ಮೊದಲನೆಯದು ಟೇಪರ್ ರೋಲರ್, ಅಂದರೆ ಒಂದು ತುದಿ ಸಪೂರವಾದ ರೋಲರ್‌ಗಳ ಬೇರಿಂಗ್. ಕುದುರೆಗಾಡಿಗಳನ್ನು ತಯಾರಿಸುತ್ತಿದ್ದ ಹೆನ್ರಿ ಟಿಮ್ಕೆನ್ 1898ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಗಾಡಿಯ ಭಾರವನ್ನೂ ತಿರುವಿನಲ್ಲಿ ಬೀಳುವ ಅಡ್ಡ ಒತ್ತಡವನ್ನೂ ಒಂದೇ ಬೇರಿಂಗ್ ಹೊರಬೇಕೆಂಬ ಅಗತ್ಯ ಕಾರಿನಲ್ಲೂ ಹಾಗೆಯೇ ಉಳಿದಿದೆ. ಎರಡನೆಯದು ಆಂಗ್ಯುಲರ್ ಕಾಂಟ್ಯಾಕ್ಟ್ ಬಾಲ್ ಬೇರಿಂಗ್, ಅಂದರೆ ಒಂದು ಬದಿಯ ಅಡ್ಡ ಒತ್ತಡವನ್ನೂ ಹೊರುವ ಗುಂಡುಗಳ ಬೇರಿಂಗ್. 1948ರಿಂದ 1971ರವರೆಗೆ ತಯಾರಾದ ಬ್ರಿಟಿಷ್ ಕಾರು ಮೋರಿಸ್ ಮೈನರ್‌ನ ಮುಂದಿನ ಹಬ್‌ನಲ್ಲಿ ಇಂಥ ಎರಡು ಬೇರಿಂಗ್‌ಗಳ ನಡುವೆ ಒಂದು ಸ್ಪೇಸರ್ (ಅಂತರ ಕಾಯುವ ಕೊಳವೆ) ಇರುತ್ತದೆ. ಬೇರಿಂಗ್‌ನ ‘ಥ್ರಸ್ಟ್’ ಎಂದು ಬರೆದ ಮುಖ ಸ್ಪೇಸರ್ ಕಡೆಗೆ ಇರಬೇಕು. ತಿರುಗುಮುರುಗಾಗಿ ಹಾಕಿದರೆ ಅಡ್ಡ ಒತ್ತಡವನ್ನು ಹೊರುವ ಎತ್ತರದ ಭುಜ ತಪ್ಪು ಬದಿಗೆ ಬಂದು ಬೇರಿಂಗ್ ಬೇಗನೆ ನಾಶವಾಗುತ್ತದೆ. ಇಂಥ ಹಬ್‌ಗೆ ಆಳವಾದ ತೋಡಿನ (ಡೀಪ್ ಗ್ರೂವ್) ಸಾಮಾನ್ಯ ಬಾಲ್ ಬೇರಿಂಗ್ ಗಾತ್ರದಲ್ಲಿ ಹೊಂದಿತೆಂದು ಹಾಕುವುದು ಕೂಡ ತಪ್ಪೇ.

ಸಂಖ್ಯೆಯನ್ನು ಓದಲು ಕಲಿತರೆ ಆಯ್ಕೆ ಸುಲಭವಾಗುತ್ತದೆ. ಮೆಟ್ರಿಕ್ ಬೇರಿಂಗ್‌ಗಳಲ್ಲಿ 04ರಿಂದ ಮೇಲಿನ ಕೊನೆಯ ಎರಡು ಅಂಕಿಗಳನ್ನು 5ರಿಂದ ಗುಣಿಸಿದರೆ ಒಳರಂಧ್ರದ ಅಳತೆ ಮಿಲಿಮೀಟರ್‌ನಲ್ಲಿ ಸಿಗುತ್ತದೆ. 6205 ಬಾಲ್ ಬೇರಿಂಗ್‌ಗೂ 30205 ಟೇಪರ್ ಬೇರಿಂಗ್‌ಗೂ ರಂಧ್ರ 25 ಮಿಲಿಮೀಟರ್. ಇಂಚಿನ ಅಳತೆಯ ಟೇಪರ್ ಬೇರಿಂಗ್‌ಗಳಲ್ಲಿ ಕೋನ್‌ಗೆ ಒಂದು, ಕಪ್‌ಗೆ ಇನ್ನೊಂದು ಸಂಖ್ಯೆ ಇರುತ್ತದೆ. ಉದಾಹರಣೆಗೆ ಎಲ್‌ಎಂ 11949 ಎಂಬುದು ಮುಕ್ಕಾಲು ಇಂಚು ರಂಧ್ರದ ಕೋನ್, ಎಲ್‌ಎಂ 11910 ಅದರ ಕಪ್. ಕೋನ್ ಹೊಸದು, ಕಪ್ ಹಳೆಯದು ಎಂಬ ಜೋಡಣೆ ಎಂದಿಗೂ ಕೂಡದು. ಸಂಖ್ಯೆಯ ನಂತರ ಬರುವ ಅಕ್ಷರಗಳನ್ನೂ ಕಡೆಗಣಿಸಬಾರದು; ಸಿ3 ಎಂದರೆ ಒಳಗಿನ ಸಡಿಲ ಸಾಮಾನ್ಯಕ್ಕಿಂತ ಹೆಚ್ಚು, 2ಆರ್‌ಎಸ್ ಎಂದರೆ ಎರಡೂ ಬದಿ ರಬ್ಬರ್ ಮುಚ್ಚಳ.

ಹಳೆಯ ಕಾರುಗಳಲ್ಲಿ ಹೆಚ್ಚಾಗಿ ಮರೆತುಹೋಗುವ ಅಂಶವೊಂದಿದೆ. ಸ್ಟಬ್ ಆಕ್ಸಲ್‌ನ ಬುಡ ಮುರಿಯದಿರಲೆಂದು ತಯಾರಕರು ಅಲ್ಲಿ ಚೂಪಾದ ಮೂಲೆಯ ಬದಲು ದುಂಡನೆಯ ತಿರುವನ್ನು ಬಿಟ್ಟಿರುತ್ತಾರೆ, ಅದಕ್ಕೆ ತಕ್ಕಂತೆ ಮೂಲ ಬೇರಿಂಗ್‌ನ ಒಳಅಂಚನ್ನೂ ಹೆಚ್ಚು ದುಂಡಾಗಿಸಿರುತ್ತಾರೆ. ಹೊರ ಅಳತೆಗಳೆಲ್ಲ ಸರಿಯಿದ್ದು ಈ ದುಂಡು ಮಾತ್ರ ಚಿಕ್ಕದಿರುವ ಸಾಮಾನ್ಯ ಬೇರಿಂಗ್ ಹಾಕಿದರೆ ಅದು ಆ ತಿರುವಿನ ಮೇಲೆ ಹತ್ತಿ ನಿಲ್ಲುತ್ತದೆ, ಭುಜಕ್ಕೆ (ಬೇರಿಂಗ್ ಒರಗಿ ನಿಲ್ಲಬೇಕಾದ ಮೆಟ್ಟಿಲಿಗೆ) ತಾಗುವುದೇ ಇಲ್ಲ. ನಟ್ ಬಿಗಿಮಾಡಿದಾಗ ಎಲ್ಲ ಸರಿಯಾಗಿದೆ ಎನಿಸುತ್ತದೆ. ಸ್ವಲ್ಪ ಓಡಿದೊಡನೆ ಸಡಿಲವಾಗುತ್ತದೆ. ಸಂಶಯವಿದ್ದರೆ ಭುಜಕ್ಕೆ ಬಣ್ಣದ ತೆಳುಲೇಪ ಕೊಟ್ಟು, ಬೇರಿಂಗ್ ಕೂರಿಸಿ ತೆಗೆದು, ಲೇಪ ಸುತ್ತಲೂ ಸಮನಾಗಿ ಅಂಟಿದೆಯೇ ಎಂದು ನೋಡಬೇಕು.

ಕೂರಿಸುವ ವಿಧಾನ

ಹಳೆಯ ಕಪ್ಪನ್ನು ಹಿತ್ತಾಳೆಯ ಸಲಾಕೆಯಿಂದ ಎದುರುಬದುರಾಗಿ ಬಡಿಯುತ್ತ ನೇರವಾಗಿ ಹೊರತೆಗೆಯಬೇಕು. ಸಲಾಕೆಗೆ ಸಿಗುವ ಅಂಚೇ ಇಲ್ಲದಿದ್ದರೆ ಕಪ್ಪಿನ ಒಳಮೈಯಲ್ಲಿ ಸುತ್ತಲೂ ತೆಳುವಾದ ವೆಲ್ಡಿಂಗ್ ಗೆರೆ ಎಳೆದರೆ, ತಣಿಯುವಾಗ ಕಪ್ ಕುಗ್ಗಿ ತಾನೇ ಸಡಿಲವಾಗುತ್ತದೆ. ರಂಧ್ರವನ್ನು ಒರೆಸಿ, ಲೋಹದ ಮುಳ್ಳು ಎದ್ದಿದ್ದರೆ ಮಾತ್ರ ನಯವಾದ ಅರದಿಂದ ಆ ಮುಳ್ಳನ್ನಷ್ಟೇ ತೆಗೆಯಬೇಕು. ಎಮರಿ ಕಾಗದದಿಂದ ಇಡೀ ರಂಧ್ರವನ್ನು ಉಜ್ಜಿದರೆ ಬಿಗಿತವೇ ಹೋಗುತ್ತದೆ.

ಹೊಸ ಕಪ್ ಕೂರಿಸಲು ಪ್ರೆಸ್ ಉತ್ತಮ. ಪ್ರೆಸ್ ಇಲ್ಲದಿದ್ದರೆ ಬಿಸಿ ಮತ್ತು ತಂಪನ್ನು ನೆಚ್ಚಬಹುದು. 50 ಮಿಲಿಮೀಟರ್ ರಂಧ್ರದ ಎರಕದ ಕಬ್ಬಿಣದ ಹಬ್ 70 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚು ಬಿಸಿಯಾದಾಗ ರಂಧ್ರ ಸುಮಾರು 0.04 ಮಿಲಿಮೀಟರ್ ಹಿಗ್ಗುತ್ತದೆ; ಅಲ್ಯೂಮಿನಿಯಂ ಹಬ್ ಅದರ ಎರಡರಷ್ಟು ಹಿಗ್ಗುತ್ತದೆ. ಕಪ್ಪನ್ನು ಫ್ರೀಜರ್‌ನಲ್ಲಿಟ್ಟು, ಹಬ್ಬನ್ನು ಓವನ್‌ನಲ್ಲಿ 100 ಡಿಗ್ರಿಯ ಆಸುಪಾಸಿಗೆ ಸಮನಾಗಿ ಬಿಸಿಮಾಡಿದರೆ ಕಪ್ ಹೆಚ್ಚು ಬಲವಿಲ್ಲದೆ ಇಳಿಯುತ್ತದೆ. ಬೇರಿಂಗನ್ನೇ ಬಿಸಿಮಾಡಬೇಕಾದ ಸಂದರ್ಭದಲ್ಲಿ 120 ಡಿಗ್ರಿಯನ್ನು ಮೀರಬಾರದು, ರಬ್ಬರ್ ಮುಚ್ಚಳವಿರುವ ಬೇರಿಂಗಾದರೆ 80 ಡಿಗ್ರಿಯನ್ನು ಮೀರಬಾರದು, ಮತ್ತು ಗ್ಯಾಸ್ ಜ್ವಾಲೆಯನ್ನು ಬಳಸಲೇಬಾರದು. ಗಟ್ಟಿಗೊಳಿಸಿದ ಉಕ್ಕು ತನ್ನ ಗಟ್ಟಿತನವನ್ನು ಕಳೆದುಕೊಳ್ಳುತ್ತದೆ. ಕಪ್ ತಳಕ್ಕೆ ಮುಟ್ಟಿದಾಗ ಬಡಿತದ ಸದ್ದು ಮೊಂಡಾಗಿದ್ದದ್ದು ಗಟ್ಟಿಯಾಗಿ ಖಣಿಲ್ ಎನ್ನುತ್ತದೆ. ಹಬ್ ತಣಿದ ಮೇಲೆ ಇನ್ನೊಮ್ಮೆ ತಟ್ಟಿ ನೋಡಬೇಕು, ಏಕೆಂದರೆ ತಣಿಯುವಾಗ ಕಪ್ ತಳದಿಂದ ಕೂದಲೆಳೆಯಷ್ಟು ಮೇಲೇಳುವುದುಂಟು.

ಬಲ ಯಾವಾಗಲೂ ಬಿಗಿಯಾಗಿ ಕೂರುವ ಉಂಗುರದ ಮೇಲೆಯೇ ಬೀಳಬೇಕು. ಬಾಲ್ ಬೇರಿಂಗನ್ನು ಹಬ್‌ಗೆ ಒತ್ತುವಾಗ ಒಳಗಿನ ಉಂಗುರವನ್ನು ಒತ್ತಿದರೆ ಇಡೀ ಬಲ ಗುಂಡುಗಳ ಮೂಲಕ ಹಾದು, ಮೊದಲ ಕಿಲೋಮೀಟರ್ ಓಡುವ ಮುನ್ನವೇ ರೇಸ್‌ನಲ್ಲಿ ಗುಳಿ ಬೀಳುತ್ತದೆ. ಮುಂದೆ ಕೇಳಿಬರುವ ಸದ್ದಿಗೆ ಬಿಡಿಭಾಗದ ತಯಾರಕರು ಬೈಸಿಕೊಳ್ಳುತ್ತಾರೆ.

ಗ್ರೀಸ್

ಲಿಥಿಯಂ ಅಥವಾ ಲಿಥಿಯಂ ಕಾಂಪ್ಲೆಕ್ಸ್ ಆಧಾರದ, ಎನ್‌ಎಲ್‌ಜಿಐ 2 (ಗ್ರೀಸ್‌ನ ಗಟ್ಟಿತನದ ಅಳತೆ) ದರ್ಜೆಯ ವೀಲ್ ಬೇರಿಂಗ್ ಗ್ರೀಸ್ ಸಾಕಾಗುತ್ತದೆ. ಡಿಸ್ಕ್ ಬ್ರೇಕ್ ಇರುವಲ್ಲಿ ಹೆಚ್ಚು ಬಿಸಿ ತಾಳುವ ಕಾಂಪ್ಲೆಕ್ಸ್ ಬಗೆಯೇ ಉತ್ತಮ. ಜೇಡಿಮಣ್ಣಿನ ಆಧಾರದ ಬೆಂಟೋನೈಟ್ ಗ್ರೀಸ್ ಮೇಲೆ ಲಿಥಿಯಂ ಗ್ರೀಸ್ ತುಂಬಬಾರದು, ಹಳೆಯದನ್ನು ಪೂರ್ತಿ ತೊಳೆದು ಒಣಗಿಸಿಯೇ ಹೊಸದನ್ನು ಹಾಕಬೇಕು. ಅಂಗೈಯಲ್ಲಿ ಗ್ರೀಸ್ ಮುದ್ದೆ ಇಟ್ಟುಕೊಂಡು ಕೋನ್‌ನ ಅಗಲ ಬದಿಯನ್ನು ಅದಕ್ಕೆ ಒತ್ತುತ್ತ, ಇನ್ನೊಂದು ಬದಿಯಿಂದ ಗ್ರೀಸ್ ಹೊರಬರುವವರೆಗೆ ಪ್ರತಿಯೊಂದು ರೋಲರ್‌ನ ನಡುವೆಯೂ ತುಂಬಬೇಕು. ಹಬ್‌ನ ನಡುವಿನ ಖಾಲಿ ಜಾಗವನ್ನು ಮೂರನೆಯ ಒಂದು ಭಾಗದಿಂದ ಅರ್ಧದವರೆಗೆ ಮಾತ್ರ ತುಂಬಬೇಕು. ಬಾಯಿಮಟ್ಟ ತುಂಬಿದರೆ ಗ್ರೀಸ್ ಕಡೆದಾಡಿ ಬಿಸಿಯಾಗುತ್ತದೆ, ಹಿಗ್ಗಿ ಸೀಲನ್ನು ದಾಟಿ ಬ್ರೇಕಿಗೆ ಸೇರುತ್ತದೆ.

ಸೀಲ್

ಸೀಲ್ ಬೆಲೆಯಲ್ಲಿ ಚಿಕ್ಕದು, ಆದರೆ ಬೇರಿಂಗ್‌ನ ಆಯುಷ್ಯ ಅದರ ಕೈಯಲ್ಲಿದೆ. ಅದು ತಾಗಿ ಓಡುವ ಮೇಲ್ಮೈಯನ್ನು ಉಗುರಿನಿಂದ ಸವರಿ ನೋಡಬೇಕು. ಉಗುರು ಸಿಕ್ಕಿಕೊಳ್ಳುವಷ್ಟು ಗೆರೆ ಬಿದ್ದಿದ್ದರೆ ಹೊಸ ಸೀಲ್ ಹೊಸದೆಂಬ ಕಾರಣಕ್ಕೆ ಸೋರದೆ ಇರುವುದಿಲ್ಲ. ಸೀಲ್ ಕೂರುವ ಆಳವನ್ನು ತುಸು ಬದಲಿಸಿ ತುಟಿ ಹೊಸ ಜಾಗದಲ್ಲಿ ಓಡುವಂತೆ ಮಾಡಬಹುದು, ಅದಕ್ಕೆ ಸ್ಥಳವಿಲ್ಲದಿದ್ದರೆ ಗೆರೆಯ ಮೇಲೆ ತೆಳುವಾದ ಸ್ಟೀಲ್ ಸ್ಲೀವ್ ಹಾಕಬಹುದು. ಈ ಸ್ಲೀವ್‌ಗಳ ದಪ್ಪ ಸುಮಾರು 0.28 ಮಿಲಿಮೀಟರ್ ಮಾತ್ರವಿರುವುದರಿಂದ ಸೀಲ್‌ನ ಅಳತೆ ಬದಲಿಸಬೇಕಾಗಿಲ್ಲ.

ತುಟಿಯ ಸ್ಪ್ರಿಂಗ್ ಇರುವ ಬದಿ ಯಾವುದನ್ನು ತಡೆಯಬೇಕೋ ಆ ಗ್ರೀಸ್ ಅಥವಾ ಎಣ್ಣೆಯ ಕಡೆಗೆ ಇರಬೇಕು. ಎರಡು ತುಟಿಗಳಿರುವ ಸೀಲ್‌ನಲ್ಲಿ ಸ್ಪ್ರಿಂಗ್ ಇಲ್ಲದ ಚಿಕ್ಕ ತುಟಿ ದೂಳಿನ ಕಡೆಗೆ ಮುಖ ಮಾಡುತ್ತದೆ. ಒಣ ತುಟಿ ಮೊದಲ ಕೆಲವು ಸುತ್ತುಗಳಲ್ಲಿಯೇ ಸುಟ್ಟುಹೋಗುವುದರಿಂದ ಕೂರಿಸುವ ಮುನ್ನ ತುಟಿಗೆ ಗ್ರೀಸ್ ಸವರಬೇಕು. ಸೀಲ್‌ನ ಹೊರ ಅಂಚಿಗೆ ಸಮನಾದ ಕೊಳವೆ ಅಥವಾ ಸಪಾಟಾದ ಹಲಗೆಯ ತುಂಡನ್ನಿಟ್ಟು ನೇರವಾಗಿ ಇಳಿಸಬೇಕು. ನಡುವೆ ಬಡಿದರೆ ಲೋಹದ ಕವಚ ಬಾಗಿ ತುಟಿ ಒಂದು ಬದಿಗೆ ಎದ್ದು ನಿಲ್ಲುತ್ತದೆ. ಶಾಫ್ಟ್‌ನ ಸ್ಪ್ಲೈನ್ (ಉದ್ದುದ್ದದ ಹಲ್ಲುಗಳು) ಅಥವಾ ಕೀಲಿಯ ತೋಡಿನ ಮೇಲೆ ಸೀಲ್ ಹಾದುಹೋಗಬೇಕಾದರೆ ತೆಳುವಾದ ಟೇಪ್ ಸುತ್ತಿ ಚೂಪಾದ ಅಂಚುಗಳನ್ನು ಮುಚ್ಚಬೇಕು. ಮೂಲದಲ್ಲಿ ಫೆಲ್ಟ್ ಅಥವಾ ಚರ್ಮದ ಸೀಲ್ ಇದ್ದ ಹಬ್‌ಗೆ ಅದನ್ನೇ ಹಾಕುವುದಾದರೆ ಎಣ್ಣೆಯಲ್ಲಿ ಚೆನ್ನಾಗಿ ನೆನೆಸಿದ ಮೇಲೆಯೇ ಹಾಕಬೇಕು. ಫೆಲ್ಟ್‌ಗಾಗಿ ಮಾಡಿದ ಒರಟು ಮೇಲ್ಮೈಯ ಮೇಲೆ ರಬ್ಬರ್ ತುಟಿ ಬಾಳುವುದಿಲ್ಲ ಎಂಬುದನ್ನು ಬದಲಾವಣೆ ಬಯಸುವವರು ಗಮನಿಸಬೇಕು.

ನಟ್‌ನ ಹೊಂದಾಣಿಕೆ

ಇಡೀ ಕೆಲಸದಲ್ಲಿ ಹೆಚ್ಚು ಬೇರಿಂಗ್‌ಗಳು ಹಾಳಾಗುವುದು ಇಲ್ಲಿ. ಹೊಂದಾಣಿಕೆಯ ಬಗೆ ಕಾರಿನಿಂದ ಕಾರಿಗೆ ಬೇರೆ, ಒಂದರ ವಿಧಾನವನ್ನು ಇನ್ನೊಂದಕ್ಕೆ ಅನ್ವಯಿಸಿದರೆ ಅಪಾಯ. 1962ರಿಂದ 1980ರವರೆಗೆ ತಯಾರಾದ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಎಂಜಿಬಿಯಲ್ಲಿ ಎರಡು ಟೇಪರ್ ಬೇರಿಂಗ್‌ಗಳ ನಡುವೆ ಸ್ಪೇಸರ್ ಮತ್ತು ಶಿಮ್‌ಗಳಿವೆ (ತೆಳು ಲೋಹದ ಬಿಲ್ಲೆಗಳು). ಅಲ್ಲಿ ನಟ್ಟನ್ನು 54ರಿಂದ 95 ನ್ಯೂಟನ್ ಮೀಟರ್‌ವರೆಗೆ ಬಿಗಿಮಾಡಿ, ಶಿಮ್‌ಗಳ ಮೂಲಕ 0.05ರಿಂದ 0.10 ಮಿಲಿಮೀಟರ್ ಸಡಿಲವನ್ನು ಸಾಧಿಸಬೇಕು. ಸ್ಪೇಸರ್ ಸ್ಟಬ್ ಆಕ್ಸಲ್‌ಗೆ ಬಲವನ್ನೂ ಕೊಡುವುದರಿಂದ ಅದನ್ನು ಬಿಸುಟು ನಟ್‌ನಿಂದಲೇ ಸಡಿಲ ಹೊಂದಿಸುವುದು ಸರಿಯಲ್ಲ. ಟೇಪರ್ ರೋಲರ್ ಇರುವ ಫೋಕ್ಸ್‌ವ್ಯಾಗನ್ ಬೀಟಲ್‌ನಲ್ಲಿ ಸ್ಪೇಸರ್ ಇಲ್ಲ. ಅಲ್ಲಿ ನಟ್ಟೇ 0.03ರಿಂದ 0.12 ಮಿಲಿಮೀಟರ್ ಸಡಿಲವನ್ನು ನಿರ್ಧರಿಸುತ್ತದೆ. ಬೀಟಲ್‌ನ ಎಡ ಮುಂಚಕ್ರದ ನಟ್‌ಗೆ ಎಡಮರೆ (ಎಡಕ್ಕೆ ತಿರುಗಿಸಿದರೆ ಬಿಗಿಯಾಗುವ ಥ್ರೆಡ್) ಇದೆ ಎಂಬುದನ್ನು ಮರೆತು ಬಲ ಹಾಕಿದವರು ಆ ಥ್ರೆಡ್ಡನ್ನೇ ಕಿತ್ತಿದ್ದಾರೆ.

ಸ್ಪೇಸರ್ ಇಲ್ಲದ ಹಬ್‌ನಲ್ಲಿ, ತಯಾರಕರ ಸೂಚನೆ ಬೇರೆಯಿಲ್ಲದಿದ್ದರೆ, ಹಬ್ಬನ್ನು ತಿರುಗಿಸುತ್ತಲೇ ನಟ್ಟನ್ನು 15ರಿಂದ 20 ನ್ಯೂಟನ್ ಮೀಟರ್‌ವರೆಗೆ ಬಿಗಿಮಾಡಿ ರೋಲರ್‌ಗಳು ತಮ್ಮ ಜಾಗಕ್ಕೆ ಸರಿಯುವಂತೆ ಮಾಡಬೇಕು. ಅನಂತರ ನಟ್ಟನ್ನು ಪೂರ್ತಿ ಸಡಿಲಿಸಿ, ಬೆರಳಿನಿಂದ ಮಾತ್ರ ತಾಗಿಸಿ, ನಟ್ ತಿರುಗದಂತೆ ತಡೆಯುವ ಸ್ಪ್ಲಿಟ್ ಪಿನ್‌ಗೆ ನಟ್‌ನ ಹತ್ತಿರದ ಸೀಳು ಸಿಗುವಂತೆ ಸಡಿಲದ ಕಡೆಗೆ ತಿರುಗಿಸಬೇಕು.

ಈ ಕೊನೆಯ ಹೆಜ್ಜೆಯ ಲೆಕ್ಕವನ್ನು ಒಮ್ಮೆ ಮಾಡಿ ನೋಡುವುದು ಒಳ್ಳೆಯದು. ಇಂಚಿಗೆ 20 ಮರೆಗಳಿರುವ (ಥ್ರೆಡ್‌ಗಳಿರುವ) ನಟ್ ಒಂದು ಸುತ್ತಿಗೆ 1.27 ಮಿಲಿಮೀಟರ್ ಸರಿಯುತ್ತದೆ. ನಟ್‌ನಲ್ಲಿ ಆರು ಸೀಳುಗಳೂ ಸ್ಟಬ್ ಆಕ್ಸಲ್‌ನಲ್ಲಿ ಒಂದೇ ರಂಧ್ರವೂ ಇದ್ದರೆ ಪ್ರತಿ ಹೆಜ್ಜೆ 60 ಡಿಗ್ರಿ, ಅಂದರೆ 0.21 ಮಿಲಿಮೀಟರ್. ಪರಸ್ಪರ ಲಂಬವಾದ ಎರಡು ರಂಧ್ರಗಳಿದ್ದರೆ ಹೆಜ್ಜೆ 30 ಡಿಗ್ರಿಗೆ ಇಳಿದು 0.11 ಮಿಲಿಮೀಟರ್ ಆಗುತ್ತದೆ. ಅನುಮತಿಸಿದ ಸಡಿಲದ ವ್ಯಾಪ್ತಿ 0.09 ಮಿಲಿಮೀಟರ್‌ನಷ್ಟೇ ಇರುವಾಗ ಈ ಹೆಜ್ಜೆಗಳು ಅದಕ್ಕಿಂತ ದೊಡ್ಡವು. ಆದ್ದರಿಂದ ‘ಒಂದು ಸೀಳು ಹಿಂದೆ’ ಎಂಬ ಬಾಯಿಮಾತಿನ ನಿಯಮ ಕೆಲವೊಮ್ಮೆ ಸರಿ, ಕೆಲವೊಮ್ಮೆ ತೀರ ತಪ್ಪು. ಡಯಲ್ ಗೇಜನ್ನು (ಅತಿ ಸಣ್ಣ ಚಲನೆ ಅಳೆಯುವ ಮುಳ್ಳಿನ ಮಾಪಕವನ್ನು) ಹಬ್‌ಗೆ ಕಟ್ಟಿ, ಮುಳ್ಳನ್ನು ಸ್ಟಬ್ ಆಕ್ಸಲ್‌ನ ತುದಿಗೆ ತಾಗಿಸಿ, ಹಬ್ಬನ್ನು ಎಳೆದು ತಳ್ಳಿ ಅಳೆಯುವುದೊಂದೇ ನಂಬಬಹುದಾದ ದಾರಿ. ಯಾವ ಸೀಳಿನಲ್ಲಿಯೂ ಅಳತೆ ಸಿಗದಿದ್ದರೆ ವಾಷರನ್ನು ಬೇರೆ ದಪ್ಪದ್ದಕ್ಕೆ ಬದಲಿಸಬೇಕು, ಅಥವಾ ಸಪಾಟಾದ ಗಾಜಿನ ಮೇಲೆ ಎಮರಿ ಕಾಗದವಿಟ್ಟು ಅದನ್ನು ತುಸು ಉಜ್ಜಿ ತೆಳುವಾಗಿಸಬೇಕು. ಬೀಟಲ್‌ನ ನಂತರದ ಮಾದರಿಗಳಲ್ಲಿ ಸ್ಕ್ರೂನಿಂದ ಬಿಗಿಯುವ ಸೀಳು ನಟ್ ಇರುವುದರಿಂದ ಬೇಕಾದ ಜಾಗದಲ್ಲಿಯೇ ನಿಲ್ಲಿಸಬಹುದು.

ನಟ್ ಮತ್ತು ಬೇರಿಂಗ್ ನಡುವೆ ನಾಲಗೆಯುಳ್ಳ ವಾಷರ್ ಇದ್ದೇ ಇರಬೇಕು. ಸ್ಟಬ್ ಆಕ್ಸಲ್ ಮೇಲೆ ಕೋನ್ ನಿಧಾನವಾಗಿ ತೆವಳುವುದು ಸಹಜ. ಆ ಚಲನೆ ನಟ್‌ಗೆ ತಲುಪದಂತೆ ತಡೆಯುವುದು ಈ ವಾಷರ್. ನಾಲಗೆ ಮುರಿದ ವಾಷರ್ ಮತ್ತು ಒಮ್ಮೆ ಬಳಸಿದ ಸ್ಪ್ಲಿಟ್ ಪಿನ್, ಎರಡನ್ನೂ ಮತ್ತೆ ಹಾಕಬಾರದು.

ಹಿಂದಿನ ಚಕ್ರ

ಸೆಮಿ ಫ್ಲೋಟಿಂಗ್ ಆಕ್ಸಲ್‌ನಲ್ಲಿ (ಚಕ್ರವನ್ನು ತಿರುಗಿಸುವ ಶಾಫ್ಟೇ ಅದರ ಭಾರವನ್ನೂ ಹೊರುವ ರಚನೆ) ಶಾಫ್ಟ್ ತಿರುಗುತ್ತದೆ, ಆದ್ದರಿಂದ ಇಲ್ಲಿ ಒಳಗಿನ ಉಂಗುರ ಬಿಗಿಯಾಗಿರುತ್ತದೆ. ಬೇರಿಂಗನ್ನು ಹಿಡಿದಿಡುವ ಕಾಲರ್ ಒತ್ತಿ ಕೂರಿಸಿದ್ದಾದರೆ ಅದನ್ನು ಡ್ರಿಲ್ ಮತ್ತು ಉಳಿಯಿಂದ ಸೀಳಿ ತೆಗೆಯಬೇಕು, ಶಾಫ್ಟ್‌ಗೆ ಗೀರು ಬೀಳಬಾರದು, ತೆಗೆದ ಕಾಲರನ್ನು ಮರುಬಳಕೆ ಮಾಡಬಾರದು. ಚಕ್ರ ಕಳಚಿ ಹೊರಬರದಂತೆ ತಡೆಯುವುದು ಅದೊಂದೇ. ಆಕ್ಸಲ್ ಎಣ್ಣೆಯಿಂದಲೇ ನೆನೆಯುವಂತೆ ರಚಿಸಿದ ಬೇರಿಂಗ್‌ನ ಜಾಗಕ್ಕೆ ಮುಚ್ಚಿದ ಬೇರಿಂಗ್ ಹಾಕುವವರು ಅದರ ಒಳಬದಿಯ ಮುಚ್ಚಳವನ್ನು ತೆಗೆಯಬೇಕೇ ಬೇಡವೇ ಎಂಬುದನ್ನು ಆ ಆಕ್ಸಲ್‌ನ ಸೀಲ್ ಇರುವ ಸ್ಥಾನ ನೋಡಿ ನಿರ್ಧರಿಸಬೇಕು: ಸೀಲ್ ಬೇರಿಂಗ್‌ನ ಹೊರಗಿದ್ದರೆ ಎಣ್ಣೆ ಬೇರಿಂಗಿಗೆ ತಲುಪಬೇಕು, ಒಳಗಿದ್ದರೆ ಬೇರಿಂಗ್‌ಗೆ ಸ್ವಂತ ಗ್ರೀಸ್ ಬೇಕು. ಬೀಟಲ್‌ನ ಹಿಂದಿನ ದೊಡ್ಡ ನಟ್‌ನಂತೆ ಒಳಉಂಗುರವನ್ನು ಸ್ಪೇಸರ್ ಮೂಲಕ ಒತ್ತಿ ಹಿಡಿಯುವ ರಚನೆಯಲ್ಲಿ ನಟ್‌ಗೆ ಹೇಳಿದ ಪೂರ್ಣ ಬಿಗಿತ ಕೊಡಬೇಕು; ಬೀಟಲ್‌ನಲ್ಲಿ ಅದು ಸುಮಾರು 300 ನ್ಯೂಟನ್ ಮೀಟರ್. ಕಡಿಮೆಯಾದರೆ ಡ್ರಮ್‌ನ ಸ್ಪ್ಲೈನ್ ಸವೆದುಹೋಗುತ್ತದೆ.

ಜೋಡಣೆಯ ನಂತರದ ಪರೀಕ್ಷೆ

ಮೊದಲ ಓಟ ಹತ್ತಾರು ಕಿಲೋಮೀಟರ್‌ನದಾಗಿದ್ದು, ಸಾಧ್ಯವಾದಷ್ಟು ಕಡಿಮೆ ಬ್ರೇಕ್ ಬಳಸಬೇಕು. ನಿಲ್ಲಿಸಿದೊಡನೆ ಎಡ ಮತ್ತು ಬಲ ಹಬ್‌ಗಳನ್ನು ಮುಟ್ಟಿ ಹೋಲಿಸಬೇಕು. ಎರಡೂ ಉಗುರುಬೆಚ್ಚಗಿದ್ದರೆ ಸರಿ. ಒಂದು ಕೈಯಿಟ್ಟು ಹಿಡಿಯಲಾಗದಷ್ಟು ಬಿಸಿಯಾಗಿದ್ದರೆ ಚಕ್ರವನ್ನೆತ್ತಿ ತಿರುಗಿಸಿ ಬ್ರೇಕ್ ಉಜ್ಜುತ್ತಿದೆಯೇ ಎಂದು ಮೊದಲು ನೋಡಬೇಕು, ಬ್ರೇಕ್ ಬಿಡುಗಡೆಯಾಗಿದ್ದರೆ ನಟ್ಟನ್ನು ಬಿಚ್ಚಿ ಸಡಿಲವನ್ನು ಮತ್ತೆ ಅಳೆಯಬೇಕು. ಹಬ್ ತಣ್ಣಗಾದ ಮೇಲೆ ಡಯಲ್ ಗೇಜ್‌ನಿಂದ ಇನ್ನೊಮ್ಮೆ ಅಳತೆ ತೆಗೆದು ಮೊದಲಿನದರೊಂದಿಗೆ ಹೋಲಿಸಬೇಕು. ಸಡಿಲ ಹೆಚ್ಚಿದ್ದರೆ ಕಪ್ ಅಥವಾ ಕೋನ್ ತಳಕ್ಕೆ ಪೂರ್ತಿ ಕೂತಿರಲಿಲ್ಲವೆಂದು ತಿಳಿದು, ನಟ್ಟನ್ನು ಸುಮ್ಮನೆ ಬಿಗಿಮಾಡದೆ ಹಬ್ಬನ್ನು ಬಿಚ್ಚಿ ಭುಜಗಳನ್ನು ಪರೀಕ್ಷಿಸಬೇಕು. ಮುಂದಿನ ಕೆಲವು ವಾರಗಳಲ್ಲಿ ಬ್ಯಾಕ್ ಪ್ಲೇಟ್‌ನ ಕೆಳ ಅಂಚನ್ನು ಬಿಳಿ ಬಟ್ಟೆಯಿಂದ ಒರೆಸಿ ನೋಡುತ್ತಿದ್ದರೆ ಸೀಲ್ ಸೋರಿಕೆ ಲೈನಿಂಗ್‌ಗೆ ತಲುಪುವ ಮೊದಲೇ ಕಣ್ಣಿಗೆ ಬೀಳುತ್ತದೆ.